ಕುದುರೆ ಸವಾರನಿಗೆ ಮೂರು ಕೊನೆ

ಇಳಕಲ್ಲ,
8 ಜುಲೈ 2024

ಚಿ. ಶೀಲಾಳಿಗೆ ಅಂದಪ್ಪ ಕಾಕಾನ ಆಶೀರ್ವಾದ.

ಅಮೆರಿಕದ ಕುದುರೆ ಸವಾರರಿಗೆ ಕುದುರೆ ಏರುವುದನ್ನು ಕಲಿಸಿದವನು ನಾನು. ಇದು ನಿನಗೆ ಗೊತ್ತಿರಲಿಕ್ಕಿಲ್ಲ, ಹೇಳಿಕೊಂಡು ತಿರುಗುವ ಮನುಷ್ಯ ನಾನಲ್ಲ. ಎಪ್ಪತ್ತೆಂಟನೇ ಇಸವಿಯಲ್ಲಿ ನಿಮ್ಮ ಬದಾಮಿಯ ಹೊಂಡದ ದಂಡೆಗೆ ಇಬ್ಬರು ಅಮೆರಿಕದವರು ಟಾಂಗಾದ ಕುದುರೆ ಬಿಚ್ಚಿಸಿಕೊಂಡು, ಏರಲು ಬಾರದೆ ಬೆವರುತ್ತ ನಿಂತಿದ್ದರು. "ಎಡಗಾಲು ಮೊದಲ ಇಡ್ರಿ" ಅಂದೆ. ಏರಿದರು. ಊರಿಗೆ ಹೋಗಿ ಉಳಿದವರಿಗೆ ಹೇಳಿಕೊಟ್ಟರು. ಆದ್ದರಿಂದ ನಿನ್ನ ಕಾದಂಬರಿಯ ಬಗ್ಗೆ ಮಾತಾಡುವ ಅಧಿಕಾರ ಈ ಜಿಲ್ಲೆಯಲ್ಲಿ ನನಗಿದ್ದಷ್ಟು ಯಾರಿಗೂ ಇಲ್ಲ.

'ಕುದುರೆ ನಿಂತ ಬಾಗಿಲು' ಬಂದು ಮುಟ್ಟಿತು. ನಿನ್ನ ಹೆಸರು ಅಚ್ಚಿನಲ್ಲಿ ನೋಡಿ ನಿಮ್ಮ ಗುರುಲಿಂಗವ್ವ ಕಾಕಿ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡಳು. ಓದಲಿಲ್ಲ, ಆ ಮಾತು ಬೇರೆ.

ನೀನು ಕೇಳಿದ ಹಾಗೆ ಮೂರು ಮನೆಯಲ್ಲಿ ಓದಿಸಿ ಅವರವರ ಅಭಿಪ್ರಾಯ ಕಳಿಸುತ್ತೇನೆ. ಓದಿಸುವುದೆಂದರೆ, ನಾನು ಓದುವುದು, ಅವರು ಕೇಳುವುದು. ಮಗ್ಗ ನಡೆಯುವಾಗ ಆ ಖಟಖಟದಲ್ಲಿ ಯಾವ ಕಥೆಯೂ ಕೇಳಿಸದು. ಆದರೆ ಸೀರೆಯ ಮೈಗೆ ಸೆರಗು ಕೂಡಿಸುವ ದಿನ ಮಗ್ಗ ಸುಮ್ಮನಿರುತ್ತದೆ. ಇಬ್ಬರು ಎದುರುಬದುರು ಕೂತು, ಸೆರಗಿನ ಒಂದೊಂದು ಎಳೆಯನ್ನು ಮೈಯ ಒಂದೊಂದು ಎಳೆಗೆ ಕೊಂಡಿ ಹಾಕುತ್ತ ಹೋಗಬೇಕು. ಕೈ ಎರಡೂ ಕೆಲಸದಲ್ಲಿ, ಕಿವಿ ಎರಡೂ ಖಾಲಿ. ನಾನು ಸಾವಕಾರರ ಅಂಗಡಿಯ ಪರವಾಗಿ ಮನೆಮನೆಗೆ ನೂಲು ಹಂಚುತ್ತಿದ್ದ ಕಾಲದಿಂದಲೂ ಆ ಹೊತ್ತಿಗೆ ಏನಾದರೊಂದು ಓದಿ ಹೇಳುತ್ತ ಬಂದವನು. ಒಂದೊಂದು ಮನೆಗೆ ಕೊಂಡಿಯ ದಿನ ಒಂದೊಂದು.

ಫೋನಿನಲ್ಲಿ ಹೇಳಬಹುದಿತ್ತು. ನೀನು "ಕಾಕಾ, ಕೌಂಟರಿಗೆ ಮಂದಿ ಬಂದಾರ" ಎಂದು ಇಟ್ಟುಬಿಡುತ್ತೀ. ಅಂಚೆ ಕಚೇರಿಯ ಹುಡುಗಿಗೆ ಕಾಗದವೇ ಸರಿ.

ನಿನ್ನ
ಅಂದಪ್ಪ ಕಾಕಾ (ಏಳನೇ ಇಯತ್ತೆ, ಒಂದೇ ಸಲಕ್ಕೆ ಪಾಸು)


ಬದಾಮಿ,
19 ಜುಲೈ 2024

ಪ್ರೀತಿಯ ಕಾಕಾ,

ನೀವು ಏಳನೇ ಇಯತ್ತೆಯನ್ನು ಎಷ್ಟು ಸಲಕ್ಕೆ ಪಾಸಾದಿರೆಂದು ಅಪ್ಪ ಹೇಳಿದ್ದಾರೆ, ಇರಲಿ.

ಇದೊಂದು ಕೆಲಸವನ್ನು ಮಾತ್ರ ತಮಾಷೆ ಮಾಡದೆ ಮಾಡಿಕೊಡಿ. ಬಾಗಲಕೋಟೆಯ ಪ್ರಕಾಶಕರು ಎರಡನೇ ಮುದ್ರಣಕ್ಕೆ ಒಪ್ಪಿದ್ದಾರೆ, ಆದರೆ ಕೊನೆಯ ಅಧ್ಯಾಯ ಬದಲಿಸಬೇಕಂತೆ. "ಗಂಡ ಸತ್ತಾಕಿ ಅತ್ತಿನ್ನ ಬಿಟ್ಟು ಕುದುರಿಯವನ ಹಿಂದ ಹೋದಳು ಅಂದ್ರ ನಮ್ಮ ಕಡೆ ಹೆಣ್ಣಮಕ್ಕಳು ಮೆಚ್ಚೂದಿಲ್ಲವಾ" ಎನ್ನುತ್ತಾರೆ. ನಮ್ಮ ಆಫೀಸಿನವರದು ಇನ್ನೊಂದು. ಬದಾಮಿಯ ಗುಡ್ಡದ ಕೆಳಗೆ ಕೂತು ಅಮೆರಿಕದ ಸಣ್ಣ ಊರಿನ ಕಥೆ ನಿನಗೇಕೆ ಎಂದು. ಅಲ್ಲೂ ಕೆಂಪು ಕಲ್ಲು, ಅಲ್ಲೂ ಎಲ್ಲರಿಗೂ ಎಲ್ಲರ ಸುದ್ದಿ ಬೇಕು ಎಂದರೆ ನಗುತ್ತಾರೆ.

ನನಗೆ ಆ ಕೊನೆಯೇ ಮುಖ್ಯ. ರೋಸಾಲಿ ಹೋಗಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತಿದ್ದಾಳೆ. ಕುದುರೆ ಪಳಗಿಸುವ ವಿಲ್ ಬೀದಿಯಲ್ಲಿ ನಿಂತಿದ್ದಾನೆ. ಅತ್ತೆ ಹೋಗು ಎನ್ನುವುದಿಲ್ಲ, ಇರು ಎನ್ನುವುದಿಲ್ಲ. ಒಳಗೆ ಹೋಗಿ ಬಕೆಟ್ ತುಂಬ ನೀರು ತಂದು ಅವನ ಕುದುರೆಯ ಮುಂದೆ ಇಡುತ್ತಾಳೆ. ದೂರದ ದಾರಿ ಎಂದು ಅರ್ಥ. ರೋಸಾಲಿ ಹೋಗುತ್ತಾಳೆ.

ನೇಕಾರರ ಮನೆಯ ಹೆಣ್ಣುಮಕ್ಕಳು ಇದನ್ನು ಕೇಳಿ ಏನೆನ್ನುತ್ತಾರೋ ಅದರ ಮೇಲೆ ನಾನು ನಿರ್ಧಾರ ಮಾಡುತ್ತೇನೆ. ಅವರವರ ಕೈಯಿಂದಲೇ ಚೀಟಿ ಬರೆಸಿ, ಅಂಟು ಹಚ್ಚಿಸಿ ಕಳಿಸಿ. ನೀವು ಬಿಚ್ಚಬಾರದು.

ನಿಮ್ಮ
ಶೀಲಾ


ಇಳಕಲ್ಲ,
12 ಆಗಸ್ಟ್ 2024

ಚಿ. ಶೀಲಾಳಿಗೆ,

ಮೂರೂ ಮನೆ ಮುಗಿಯಿತು. ಮೂರೂ ಮನೆಯವರು ಚಲೋ ಅಂದರು. ಇನ್ನೇನು ಬೇಕು?

ಮೊದಲನೆಯದು ನಮ್ಮ ಓಣಿಯ ತಬಸುಮಳ ಮನೆ. ಆಕೆಯ ಗಂಡ ನಾಸೀರ ಸಂತೆ ಬಿಟ್ಟು ಬಂದು ಕೂತಿದ್ದ. ಎರಡನೆಯದು ಗುಳೇದಗುಡ್ಡದಲ್ಲಿ, ನಿಮ್ಮ ಕಾಕಿಯ ತಂಗಿ ಶಿವಗಂಗಾಳದು. ಅವರದು ಸೀರೆಯಲ್ಲ, ಕುಬಸದ ಖಣದ ಮಗ್ಗ. ಹಾಸಿನ ಎಳೆ ಕಟ್ಟುವ ದಿನ ಹೋಗಿದ್ದೆ, ಅಂದೂ ಮಗ್ಗ ಸುಮ್ಮನಿರುತ್ತದೆ. ಆಕೆಯ ಗಂಡ ಮನೆ ಬಿಟ್ಟು ಹೋಗಿ ಒಂಬತ್ತು ವರ್ಷ ಆಯಿತಲ್ಲ, ಎಂದೂ ನಗದವಳು ಅಂದು ನಕ್ಕಳು. ಮೂರನೆಯದು ಇಂದ್ರವ್ವನ ಮನೆ. ಇಂದ್ರವ್ವನೂ ಸೊಸೆ ಕಸ್ತೂರಿಯೂ ಇಬ್ಬರೇ ಇರುವವರು. ಮಗ ತೀರಿಕೊಂಡು ನಾಲ್ಕು ವರ್ಷ. ಕೊನೆಯ ಅಧ್ಯಾಯಕ್ಕೆ ಇಂದ್ರವ್ವ ಅತ್ತುಬಿಟ್ಟಳು. ಎಣ್ಣಿಗಾಯಿ ಮಾಡಿ ಬಡಿಸಿದಳು. ಅದಕ್ಕಿಂತ ದೊಡ್ಡ ಮೆಚ್ಚುಗೆ ಯಾವ ಸಾಹಿತಿಗೆ ಸಿಕ್ಕಿದೆ ಹೇಳು.

ಅಂಟು ಹಚ್ಚಿದ ಮೂರು ಚೀಟಿ ಇದರೊಳಗಿವೆ. ಬಿಚ್ಚಿಲ್ಲ. ಬೆಳಕಿಗೆ ಹಿಡಿದು ನೋಡಿದೆ, ಕಾಣಲಿಲ್ಲ. ಅವುಗಳಲ್ಲಿ ಹಿಂದುಮುಂದಾಗಿ ಏನಾದರೂ ಇದ್ದರೆ ಬರೆಯಲು ಬಾರದವರ ತಪ್ಪೆಂದು ತಿಳಿ. ಪುಸ್ತಕ ಮಾತ್ರ ಯಾರ ಕೈಗೂ ಕೊಟ್ಟಿಲ್ಲ. ಬಣ್ಣದ ಕೈ, ಪುಟ ಹೊಲಸಾಗುತ್ತವೆ.

ಅಂದಪ್ಪ ಕಾಕಾ


ಬದಾಮಿ,
24 ಆಗಸ್ಟ್ 2024

ಕಾಕಾ,

ತಬಸುಮ ಬರೆದ ಚೀಟಿ ಇದು: "ವಿಲ್ಲನ ಕುದುರಿ ರೇಸಿನ್ಯಾಗ ಗೆದ್ದು ರೋಸಾಲಿಗೆ ಸ್ವಂತ ಮನಿ ಆದದ್ದು ಭಾಳ ಸೇರಿತು. ನಮ್ಮವರು ಮೂರು ಸಲ ಚಪ್ಪಾಳಿ ಹೊಡದರು."

ಶಿವಗಂಗಾ ಚಿಗವ್ವನದು: "ಆ ಭಾಡ್ಯಾ ರೊಕ್ಕದ ಪೆಟಗಿ ಹೊತಗೊಂಡು ಓಡಿ ಹೋದನಲ್ಲ, ಹಂಗ ಬರೀಬೇಕು. ಗಂಡಸರ ಗುಣ ನಿನಗೊಬ್ಬಾಕಿಗೇ ತಿಳದದ."

ನನ್ನ ಪುಸ್ತಕದಲ್ಲಿ ಕುದುರೆಯ ರೇಸು ಇಲ್ಲ. ಪೆಟ್ಟಿಗೆಯೂ ಇಲ್ಲ. ನೀವು ಓದುತ್ತ ಓದುತ್ತ ನಿಮ್ಮದನ್ನೂ ಸೇರಿಸಿದ್ದೀರಿ. ಸಿಟ್ಟು ಬಂತು, ಆಮೇಲೆ ನಾಸೀರಣ್ಣನ ಚಪ್ಪಾಳೆ ನೆನೆದು ನಗು ಬಂತು. ಅವೆರಡನ್ನೂ ಹರಿದು ಹಾಕಿದೆ.

ಆದರೆ ಮೂರನೆಯದಕ್ಕಾಗಿ ನಿಮ್ಮ ಎಲ್ಲ ತಪ್ಪೂ ಮಾಫಿ. ಕಸ್ತೂರಿ ಹೀಗೆ ಬರೆದಿದ್ದಾಳೆ: "ಶೀಲಕ್ಕಾರ, ರೋಸಾಲಿ ಕಡೆಗೆ ಮಾಡಿದ್ದೇ ಖರೆ ಅನಿಸಿತು. ನನಗೂ ರಾಮಥಾಳದವರು ಒಬ್ಬರು ಮದುವಿಗೆ ಕೇಳಿದ್ದರು. ಏನು ಹೇಳಬೇಕು ಅನ್ನೋದು ಎರಡು ತಿಂಗಳಿಂದ ತಿಳಿದಿರಲಿಲ್ಲ. ನಿಮ್ಮ ಪುಸ್ತಕ ಕೇಳಿದ ಮರುದಿನ ಅವರಿಗೆ ಉತ್ತರ ಕಳಿಸಿದೆ."

ಈ ಚೀಟಿಯನ್ನು ಹತ್ತು ಸಲ ಓದಿದ್ದೇನೆ. ಒಬ್ಬಳ ಜೀವನಕ್ಕೆ ದಾರಿ ತೋರುವ ಪುಸ್ತಕ ಬರೆದೆನಲ್ಲ ಎಂದು ಕೌಂಟರಿನಲ್ಲಿ ಕೂತಲ್ಲೇ ಕಣ್ಣು ತುಂಬಿತು. ಪ್ರಕಾಶಕರಿಗೆ ಅಂದೇ ಫೋನು ಮಾಡಿ, ಕೊನೆ ಬದಲಾಗುವುದಿಲ್ಲ ಎಂದು ಹೇಳಿದೆ. ಕಸ್ತೂರಿಗೆ ನಿನ್ನೆ ಒಂದು ಪಾರ್ಸಲ್ ಹಾಕಿದ್ದೇನೆ. ಒಳ್ಳೆಯ ಖಣ, ಜೊತೆಗೆ ಒಂದು ಕಾಗದ: "ರೋಸಾಲಿಯಂತೆ ಹೊಸ ಮನೆಗೆ ಹೊರಟವಳಿಗೆ, ಕುಬಸಕ್ಕೆ."

ಉಡಿಕಿ ಮದುವೆ ಯಾವಾಗ? ಎರಡನೇ ಸಂಬಂಧವೆಂದು ಸಣ್ಣದಾಗಿ ಮುಗಿಸಿಬಿಟ್ಟಾರು. ನನ್ನನ್ನು ಕರೆಯಲು ಹೇಳಿ.

ಶೀಲಾ


ಇಳಕಲ್ಲ,
28 ಆಗಸ್ಟ್ 2024

ಶೀಲಾ,

ನಿನ್ನ ಕಾಗದ ಈಗ ಬಂತು. ನಿಂತಲ್ಲೇ ಬರೆಯುತ್ತಿದ್ದೇನೆ. ಆ ಪಾರ್ಸಲ್ಲನ್ನು ನಡುವೆ ತಡೆಯಲು ಬರುತ್ತದೆಯೇ? ನೀನು ಅಂಚೆಯವಳೇ ಅಲ್ಲವೇ, ಏನಾದರೂ ನಂಬರು ಒತ್ತಿದರೆ ವಾಪಸು ಬರುವುದಿಲ್ಲವೇ?

ಕಾರಣ ಕೇಳಬೇಡ. ನನಗೆ ಜ್ವರ.

ಕಾಕಾ


ಬದಾಮಿ,
6 ಸೆಪ್ಟೆಂಬರ್ 2024

ಕಾಕಾ,

ಪಾರ್ಸಲ್ ಇಪ್ಪತ್ತೇಳಕ್ಕೇ ಮುಟ್ಟಿತ್ತು. ಇವತ್ತು ನನ್ನ ಕೌಂಟರಿಗೇ ವಾಪಸು ಬಂತು. ಖಣದ ಮಡಿಕೆ ಬಿಚ್ಚಿಲ್ಲ. ಮೇಲೆ ಒಂದು ಚೀಟಿ ಚುಚ್ಚಿದೆ:

"ಶೀಲಕ್ಕಾರ, ನಾನು ಹೊರಟಿಲ್ಲ. ರೋಸಾಲಿ ಹೋಗಲಿಲ್ಲ ಅಂತನ ಅಲ್ಲೇನ್ರಿ ನಾನು ಬ್ಯಾಡ ಅಂದದ್ದು?"

ನೀವು ಫೋನು ಎತ್ತುತ್ತಿಲ್ಲ. ಕಾಕಿಯನ್ನು ಕೇಳಿದರೆ ಜ್ವರವೇ ಇಲ್ಲ ಎನ್ನುತ್ತಾರೆ.

ಇಂದ್ರವ್ವನ ಮನೆಯಲ್ಲಿ ನೀವು ಏನು ಓದಿದಿರಿ?

ಶೀಲಾ


ಇಳಕಲ್ಲ,
20 ಸೆಪ್ಟೆಂಬರ್ 2024

ಶೀಲಾ,

ಎರಡು ವಾರ ಕಾಗದ ಎದುರಿಗಿಟ್ಟುಕೊಂಡು ಕೂತೆ. ನಾಲ್ಕು ಸಲ ಬರೆದೆ. ನಾಲ್ಕು ಸಲವೂ ನಾನೇ ಒಳ್ಳೆಯವನಾಗಿ ಬಂದೆ. ಹರಿದೆ.

ಇಂದ್ರವ್ವನ ಮನೆಯಲ್ಲಿ ರೋಸಾಲಿ ಹೋಗಲಿಲ್ಲ. ನಾನು ಹೋಗಗೊಡಲಿಲ್ಲ. ವಿಲ್ ಬಂದು ನಿಂತ, ಆಕೆ ಹೊಸ್ತಿಲಲ್ಲಿ ನಿಂತಳು, ಅಲ್ಲಿಗೆ ನಾನು ಪುಸ್ತಕದ ಮೇಲೆ ಕಣ್ಣಿಟ್ಟು ಬಾಯಿಂದ ಬೇರೆಯೇ ಹೇಳಿದೆ. "ನನ್ನ ಗಂಡನ ತಾಯಿ ಇರುವ ಮನೆಯೇ ನನ್ನ ಮನೆ ಎಂದು ರೋಸಾಲಿ ಬಾಗಿಲು ಹಾಕಿದಳು" ಎಂದೆ. ದನಿಯನ್ನೂ ನಡುಗಿಸಿದೆ. ಅತ್ತೆ ಸೊಸೆ ಎದುರುಬದುರು ಕೂತಿದ್ದರು. ಅತ್ತೆ ಎಳೆ ಕೊಡುತ್ತಿದ್ದಳು, ಸೊಸೆ ಕೊಂಡಿ ಹಾಕುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಂದ್ರವ್ವನ ಕಣ್ಣಲ್ಲಿ ನೀರು ಇಳಿಯಿತು. ಓದಿದರೆ ಹೀಗೆ ಓದಬೇಕು ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ರಾಮಥಾಳದ ದುರಗಪ್ಪ ಕಸ್ತೂರಿಯನ್ನು ಕೇಳಿದ್ದು ನನಗೆ ಗೊತ್ತಿತ್ತು. ಹೊಲಗಳಿಗೆ ನೀರು ಎತ್ತುವ ಪಂಪಿನ ಮೇಲೆ ಕೆಲಸ, ಹೆಂಡತಿ ಇಲ್ಲ, ಮಾತು ಕಡಿಮೆ, ಕುಡಿಯುವುದಿಲ್ಲ. ಗೊತ್ತಿದ್ದೂ ಓದಿದೆ. ಕಥೆ ಕೇಳಿ ಯಾರಾದರೂ ಬಾಳಿನ ಮಾತು ತೀರ್ಮಾನ ಮಾಡುತ್ತಾರೆಂದು ಅಂದುಕೊಂಡಿರಲಿಲ್ಲ. ನಾನು ಹೇಳಿದ್ದನ್ನು ಇಷ್ಟು ವರ್ಷ ಯಾರೂ ನಂಬಿದ್ದಿಲ್ಲ, ಶೀಲಾ.

ನಿನ್ನ ಪಾರ್ಸಲ್ ಬಂದ ಮೇಲೆ ಅವರು ಹೇಳಿ ಕಳಿಸಿದರು. ಹೋದೆ. ಖಣ ನಡುವೆ ಇತ್ತು, ನಿನಗೆ ಬರೆದ ಚೀಟಿ ಅದಕ್ಕೆ ಆಗಲೇ ಚುಚ್ಚಿತ್ತು.

ಕಸ್ತೂರಿ ಕೇಳಿದಳು: "ಕಾಕಾ, ಪುಸ್ತಕದಾಗ ಆಕಿ ಹೋಗ್ಯಾಳೋ ಇಲ್ಲೋ?"

"ಹೋಗ್ಯಾಳವಾ."

"ಮತ್ತ ನಮಗ್ಯಾಕ ಹೋಗಿಲ್ಲ ಅಂದ್ರಿ?"

ನಾನು ಇಂದ್ರವ್ವನ ಕಡೆ ಕೈ ಮಾಡಿದೆ. "ನಿಮ್ಮತ್ತಿ ಮನಸಿಗೆ ಬ್ಯಾಸರ ಆದೀತು ಅಂತ..."

ಆಗ ಇಂದ್ರವ್ವ ಆಡಿದ ಮಾತು ನಾನು ಸಾಯುವ ತನಕ ನನ್ನ ಕಿವಿಯಲ್ಲಿರುತ್ತದೆ.

"ಅಂದಪ್ಪಣ್ಣ, ಮೊದಲನೇ ದಿನಾನ ನಾ ಕೇಳಿದ್ದೆ, ಆಕಿ ಕಡೀಕ ಹೋಗ್ತಾಳೇನು ಅಂತ. ನೀವು ಹೋಗ್ತಾಳ ಅಂದ್ರಿ. ಅದಕ್ಕ ನಿಮ್ಮನ್ನ ಮನಿಯೊಳಗ ಕೂಡಿಸಿಕೊಂಡು ಓದಸಿದೆ. ನಾ ನನ್ನ ಬಾಯಿಲೆ ಹೋಗವಾ ಅಂದ್ರ, ಮನಿಂದ ಹೊರಗ ಹಾಕಿದಂಗ ಆಗ್ತದ. ಈಕಿ ಹೋಗ್ತೇನಿ ಅಂದ್ರ, ನನ್ನ ಬಿಟ್ಟಂಗ ಆಗ್ತದ. ಇಬ್ಬರೂ ಎರಡು ತಿಂಗಳು ಬಾಯಿ ಮುಚಗೊಂಡು ಕುಂತಿದ್ವಿ. ಆ ಪುಸ್ತಕರೆ ಹೇಳಲಿ ಅಂತ ನಾ ಕಾದಿದ್ದೆ."

ಅಂದರೆ ಆಕೆ ಅತ್ತದ್ದು ಅದಕ್ಕೆ. ನಾನು ಅದನ್ನು ಮೆಚ್ಚುಗೆ ಎಂದು ತಿಳಿದು ಎಣ್ಣಿಗಾಯಿ ಎರಡು ಸಲ ಹಾಕಿಸಿಕೊಂಡೆ. ಅನ್ನ ಬಡಿಸುವಾಗ ಆಕೆ ನನ್ನ ಮುಖ ನೋಡಿರಲಿಲ್ಲ, ಈಗ ನೆನಪಾಗುತ್ತದೆ.

ಕಸ್ತೂರಿ ಬಿಡಲಿಲ್ಲ. "ಖರೆ ಹೇಳ್ರಿ ಕಾಕಾ, ಅತ್ತಿ ಸಲುವಾಗಿ ಬದಲ ಮಾಡಿದ್ರೋ, ನಿಮ್ಮ ಸಲುವಾಗಿ?"

ಹೇಳಿದೆ. ಹೋಟೆಲಿನ ನಾಗಲಿಂಗನ ಜೊತೆ ಪಂದ್ಯ ಕಟ್ಟಿದ್ದೆ. ನಿನ್ನ ಪುಸ್ತಕ ಬಂದ ದಿನ ಎಲ್ಲರಿಗೂ ತೋರಿಸುತ್ತಿದ್ದಾಗ ಅವನು, "ಲೇ ಅಂದ್ಯಾ, ಮೂರು ಮನಿಗೆ ಓದು, ಮೂರೂ ಮನಿ ಚಲೋ ಅಂದ್ರ ನಾ ಮೀಸಿ ತೆಗೀತೇನಿ" ಎಂದ. "ನಮ್ಮ ಶೀಲಾ ಬರದದ್ದು, ಚಲೋ ಅಂತಾವ!" ಎಂದೆ ನಾನು. ಅದಕ್ಕೇ ನಾಸೀರನಿಗೆ ರೇಸು, ಶಿವಗಂಗಾಗೆ ಕಳ್ಳ, ಇಂದ್ರವ್ವನಿಗೆ ಮನೆ ಬಿಡದ ಸೊಸೆ. ಯಾರ ಮನೆಗೆ ಯಾವ ರುಚಿ ಹತ್ತುತ್ತದೆ ಎಂದು ನೂಲು ಹಂಚಿದವನಿಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ.

"ನೀವು ಸೋತ್ರ ಏನ ಕೊಡೂದಿತ್ತು?" ಎಂದಳು ಕಸ್ತೂರಿ.

"ಒಂದು ಕಪ್ಪು ಚಹಾ" ಎಂದೆ.

"ಚಹಾಕ್ಕ?" ಎಂದಳು. ಎದ್ದು ಖಣವನ್ನು ಮತ್ತೆ ಪೊಟ್ಟಣ ಕಟ್ಟಿದಳು. ನಾನೇ ಅಂಚೆಗೆ ಒಯ್ದು ಹಾಕಿದೆ.

ಬೈಯುವುದಿದ್ದರೆ ಕಾರ್ಡಿನಲ್ಲಿ ಬರೆಯಬೇಡ, ಅಂಚೆಯಣ್ಣ ಓದುತ್ತಾನೆ.

ಅಂದಪ್ಪ


ಬದಾಮಿ,
30 ಸೆಪ್ಟೆಂಬರ್ 2024

ಕಾಕಾ,

ಬೈಯಲು ಕೂತೆ, ಆಗಲಿಲ್ಲ. ಕಸ್ತೂರಿಯ ಮೊದಲ ಚೀಟಿಯಲ್ಲಿ ಆಕೆ ಹೂಂ ಎಂದಳೆಂದು ಎಲ್ಲಿಯೂ ಇಲ್ಲ. 'ಉತ್ತರ ಕಳಿಸಿದೆ' ಎಂದಷ್ಟೇ ಇದೆ. ಉಳಿದದ್ದನ್ನು ಓದಿಕೊಂಡವಳು ನಾನು. ಉಳಿದೆರಡು ಚೀಟಿಗಳಲ್ಲಿ ನಿಮ್ಮ ಕೈವಾಡ ಕಂಡರೂ ಇದೊಂದನ್ನು ಅನುಮಾನಿಸಲಿಲ್ಲ, ಯಾಕೆಂದರೆ ಇದು ನನ್ನನ್ನು ಹೊಗಳಿತ್ತು. ನೀವು ಬಾಯಿಂದ ಮಾಡಿದ್ದನ್ನು ನಾನು ಕಣ್ಣಿಂದ ಮಾಡಿದೆ. ಆಮೇಲೆ ಖಣ ಬೇರೆ ಕಳಿಸಿದೆ.

ಆದರೂ ಪುಸ್ತಕ ನಿಮ್ಮ ಚೀಲದಲ್ಲಿದೆ. ಒಯ್ದು ಇದ್ದದ್ದನ್ನು ಇದ್ದ ಹಾಗೆ ಅವರಿಗೆ ಮುಟ್ಟಿಸಿ. ಉಳಿದ ಎರಡು ಮನೆಗೂ. ದುರಗಪ್ಪನವರಿಗೂ ನಿಜ ಹೇಳಿ. ಮದುವೆ ಮಾಡಿಸಲು ಹೋಗಬೇಡಿ, ನಿಜ ಹೇಳಿ ಸುಮ್ಮನೆ ಬನ್ನಿ.

ಇನ್ನೊಂದು. ಒಂದು ಕಪ್ಪು ಚಹಾಕ್ಕಾಗಿ ನೀವು ಗುಳೇದಗುಡ್ಡದವರೆಗೆ ಬಸ್ಸಿಗೆ ಹೋಗುವವರಲ್ಲ.

ಶೀಲಾ


ಇಳಕಲ್ಲ,
14 ಅಕ್ಟೋಬರ್ 2024

ಶೀಲಾ,

ಮೊದಲು ಗುಳೇದಗುಡ್ಡಕ್ಕೆ ಹೋದೆ. ಕೊನೆಯ ಅಧ್ಯಾಯ ಅಚ್ಚಿನಲ್ಲಿ ಇದ್ದ ಹಾಗೆ ಓದಿದೆ. ಶಿವಗಂಗಾ, "ಥೂ, ಹಂಗಂದ್ರ ಆತ ಚಲೋ ಮನಶಾ ಏನು? ನನಗ ಬ್ಯಾಡ ತಗೀರಿ ಈ ಪುಸ್ತಕ" ಎಂದಳು. ಇಳಕಲ್ಲಿಗೆ ಬಂದು ಓದಿದರೆ ತಬಸುಮ, "ರೇಸ್ ಇದ್ದದ್ದ ಚಲೋ ಇತ್ತು ಕಾಕಾ, ಆದರ ಆ ಬಕೀಟ್ ನಾ ಮರಿಯೂದಿಲ್ಲ" ಎಂದಳು. ನಾಸೀರ ಚಪ್ಪಾಳೆ ಹೊಡೆಯಲಿಲ್ಲ.

ಆಮೇಲೆ ಹುನಗುಂದದಲ್ಲಿ ಬಸ್ಸು ಬದಲಿಸಿ ರಾಮಥಾಳಕ್ಕೆ. ದುರಗಪ್ಪ ಪಂಪಿನ ಮನೆಯ ಹೊರಗೆ ಕೂತು ಬುತ್ತಿ ಉಣ್ಣುತ್ತಿದ್ದ. ಎಲ್ಲ ಕೇಳಿದ. ಅರ್ಧ ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟ.

"ನೀವು ಓದಿದ್ದಕ್ಕ ಆಕಿ ಬ್ಯಾಡ ಅಂದ್ರು. ಈಗ ನೀವು ಓದಿದ್ದಕ್ಕ ಹೂಂ ಅಂದ್ರ, ಅದೂ ನಿಮ್ಮ ಮಾತ ಆಗ್ತದಲ್ರೀ" ಎಂದ. "ಆಕಿಗಿ ಏನ ಅನಸ್ತದೋ ಆಕಿ ಹೇಳಲಿ. ನಾ ಬ್ಯಾರೆ ಕಡೆ ನೋಡಿಲ್ಲ."

ಅಷ್ಟೇ. ನೀನು ಹೇಳಿದಂತೆ ಸುಮ್ಮನೆ ಬಂದೆ. ನನಗೆ ಅದೆಷ್ಟು ಕಷ್ಟವೆಂದು ನಿನಗೆ ಗೊತ್ತು.

ನಿನ್ನೆ ಇಂದ್ರವ್ವನ ಮನೆಯಲ್ಲಿ ಕೊಂಡಿಯ ದಿನ. ಪುಸ್ತಕ ತೆಗೆದೆ. ಕಸ್ತೂರಿ ಅದನ್ನು ನನ್ನ ಕೈಯಿಂದ ಕಸಿದುಕೊಂಡಳು. "ಇವತ್ತ ನಾ ಓದ್ತೇನಿ. ನೀವು ಕೊಂಡಿ ಹಾಕ್ರಿ" ಎಂದಳು. ಆಕೆ ಕೂರುವಲ್ಲಿ ನಾನು ಕೂತೆ. ಐವತ್ತು ವರ್ಷ ನೂಲು ಹಂಚಿದವನಿಗೆ ಕೊಂಡಿ ಹಾಕಲು ಬಾರದು, ಶೀಲಾ. ಹತ್ತು ಎಳೆಗೆ ನಾಲ್ಕು ಜಾರಿದವು. ಇಂದ್ರವ್ವ ನನ್ನ ಕೈಯಿಂದ ಬಿಡಿಸಿ ಮತ್ತೆ ಮತ್ತೆ ಹಾಕಿದಳು.

ಕಸ್ತೂರಿ ದನಿ ನಡುಗಿಸಲಿಲ್ಲ, ಏರಿಳಿತ ಮಾಡಲಿಲ್ಲ. ಸಾಲಿಯ ಹುಡುಗಿಯ ಹಾಗೆ ಸಪಾಟಾಗಿ ಓದಿದಳು. ಅತ್ತೆ ಬಕೆಟ್ ತಂದು ಇಟ್ಟಳು ಎಂಬಲ್ಲಿಗೆ ಬಂದಾಗ ಓದು ನಿಂತಿತು. ಇಂದ್ರವ್ವನ ಕೈಯೂ ನಿಂತಿತು.

ಇಂದ್ರವ್ವ ಅಂದಳು: "ಅಲ್ಲವಾ, ಆಕಿ ಕುದುರಿಗಿ ನೀರ ಕೊಟ್ಟಳು. ಆ ರಾಮಥಾಳದಂವದು ಮೋಟರಸೈಕಲ್ಲು. ನಾ ಅದರ ಮುಂದ ಏನ ಇಡಲಿ?"

ಕಸ್ತೂರಿ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಕಡೆಗೆ ಎರಡೂ ಆಯಿತು, ಇಬ್ಬರದೂ. ನಾನು ಎಳೆಗಳನ್ನು ನೋಡುತ್ತ ಕೂತೆ.

ಆಮೇಲೆ ಆಕೆ ನಿನಗೆ ಅಭಿಪ್ರಾಯ ಹೇಳಿದ್ದಾಳೆ. ಒಂದು ಅಕ್ಷರ ಬದಲಿಸದೆ ಬರೆಯುತ್ತೇನೆ, ಬರೆದದ್ದನ್ನು ಆಕೆಗೇ ತೋರಿಸಿದ್ದೇನೆ: "ಶೀಲಕ್ಕಗ ಹೇಳ್ರಿ, ಅತ್ತಿ ನೀರಿಟ್ಟಳು ಅಂತ ರೋಸಾಲಿ ಹೋದಳು ಅನ್ನೂದು ನನಗ ಸೇರಲಿಲ್ಲ. ಆಕಿಗೆ ಹೋಗಬೇಕು ಅಂತ ಇತ್ತೋ ಇಲ್ಲೋ? ಎಲ್ಲಾರ ಮನಸೂ ಬರದಾರ, ಆಕೀದೊಂದ ಬಿಟ್ಟಾರ."

ಇಷ್ಟು ಹೇಳಿ ಫೋನು ತೆಗೆದುಕೊಂಡು ಹಿತ್ತಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದವಳು ಅತ್ತೆಗೆ ಅಂದದ್ದು: "ಶುಕ್ರವಾರ ಬರ್ತಾರಂತ. ಹೂಂ ಅಂದಿಲ್ಲ ಮತ್ತ, ಬರ್ರಿ ಅಂದೇನಿ." ಹಿತ್ತಲಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

ಗೊತ್ತಿದ್ದದ್ದು ಒಂದಿದೆ. ಕಸ್ತೂರಿಗೆ ನಿನ್ನೆ ಹೊರಡುವಾಗ ಹೇಳಿದೆ, ಆಕೆ ಕೇಳಿ ಬಾಗಿಲು ಹಾಕಿದಳು. ನಿಮ್ಮ ಕಾಕಿಗೆ ಇವತ್ತು ಬೆಳಿಗ್ಗೆ ಹೇಳಿದೆ, ಆಗಿನಿಂದ ಮಾತು ಬಿಟ್ಟಿದ್ದಾಳೆ. ಈಗ ನಿನಗೆ. ಶಿವಗಂಗಾ ಬ್ಯಾಡ ಎಂದ ಮೇಲೆ ಪಂದ್ಯ ಸೋತ ಹಾಗೆಯೇ. ನಾಗಲಿಂಗನ ಹೋಟೆಲಿಗೆ ಹೋಗಿ, ಮೂರು ಮನೆಗೆ ಮೂರು ಕಥೆ ಹೇಳಿದ್ದೆನೆಂದು ಮಂದಿಯ ಎದುರಿಗೇ ಒಪ್ಪಿಕೊಂಡು ಪಂದ್ಯದ್ದನ್ನು ಕೊಟ್ಟು ಬಂದೆ. ಅದು ಚಹಾ ಅಲ್ಲ. ಕಾಕಿ ಓಣಿಯ ಹೆಣ್ಣುಮಕ್ಕಳ ಜೊತೆ ಎರಡು ವರ್ಷ ತಿಂಗಳು ತಿಂಗಳು ಕಟ್ಟಿದ್ದ ಭಿಶಿ ಚೀಟಿಯ ರೊಕ್ಕ ಕೈಗೆ ಬಂದಿತ್ತು, ಅದನ್ನು ಪೆಟ್ಟಿಗೆಯಿಂದ ತೆಗೆದು ಪಂದ್ಯಕ್ಕೆ ಇಟ್ಟಿದ್ದೆ. ಐನೂರು ಎಂದು ಬರೆದು ಈಗಷ್ಟೇ ಹೊಡೆದು ಹಾಕಿದೆ, ಮೇಲೆ ಕಾಣುತ್ತದೆ ನೋಡು. ಹನ್ನೊಂದು ಸಾವಿರ ರೂಪಾಯಿ.